ಚಿಟ್ಟೆ ಎಣಿಸುವ ಮೊದಲು ಚಗಳಿ ಕೊಟ್ಟೆ ನೋಡಬೇಕು

“ಆ ಮರ ಬ್ಯಾಡ ಮಾರಾಯ್ರೇ, ಚಗಳಿ ಅದಾವೆ.”

ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ಅಡಿಕೆ ತೋಟ ಇರುವ ಮನೆಯಲ್ಲಿ ಬೆಳೆದವರಿಗೆ ಈ ಮಾತು ಹೊಸದಲ್ಲ. ಮಳೆಗಾಲ ಹಿಡಿಯುವ ಮುಂಚೆ ಸೊಪ್ಪಿನಬೆಟ್ಟಕ್ಕೆ ಹೋದಾಗಲೆಲ್ಲ ನಾನೂ ಕೇಳಿದ್ದೇನೆ. ಚಗಳಿ ಎಂದರೆ ಎಲೆಗಳನ್ನು ಹೊಲಿದು ಗೂಡು ಕಟ್ಟುವ ಕೆಂಪಿರುವೆ, ಆ ಗೂಡೇ ಕೊಟ್ಟೆ. ಕೊಟ್ಟೆ ಕಟ್ಟಿದ ಮರಕ್ಕೆ ಸೊಪ್ಪು ಕಡಿಯುವವರು ಹತ್ತುವುದಿಲ್ಲ. ಹತ್ತಿದರೆ ಕುತ್ತಿಗೆ, ಕಂಕುಳು ಎನ್ನದೆ ಕಚ್ಚಿ ಹಿಡಿಯುತ್ತವೆ. ಕಚ್ಚಿದ ಜಾಗಕ್ಕೆ ಹುಳಿ ಬೇರೆ ಬಿಡುತ್ತವೆ. ಹೀಗೆ ಯಾರೂ ಮುಟ್ಟದೆ ಉಳಿದ ಒಂದು ಹುಣಾಲು ಮರ ನಮ್ಮ ಬೆಟ್ಟದ ಅಂಚಿನಲ್ಲಿದೆ.

ಎರಡು ವರ್ಷದ ಹಿಂದೆ ಮೇ ತಿಂಗಳಲ್ಲಿ ಆ ಮರದ ಕೆಳಗಿನ ಕೊಂಬೆಯೊಂದು ಕೈಗೆ ಎಟುಕುವಷ್ಟು ಬಾಗಿತ್ತು. ತುದಿಯಲ್ಲಿ ಎಳೆ ಚಿಗುರು. ಒಂದು ಎಲೆಯ ಅಡಿಯಲ್ಲಿ ಎಂಟೊಂಬತ್ತು ಚಗಳಿಗಳು ಗುಂಪಾಗಿ ನಿಂತಿದ್ದವು. ಚಗಳಿ ಸುಮ್ನೆ ನಿಲ್ಲುವ ಜಾತಿಯಲ್ಲ, ಸದಾ ಓಡಾಡುತ್ತಲೇ ಇರುತ್ತದೆ. ಅದಕ್ಕೇ ಬಗ್ಗಿ ನೋಡಿದೆ. ನಡುವೆ ಎಲೆಯದೇ ಬಣ್ಣದ ಒಂದು ಹುಳ. ಉದ್ದಕ್ಕಿಂತ ಅಗಲವೇ ಎದ್ದು ಕಾಣುವ ಹಾಗೆ ಚಪ್ಪಟೆ. ತಲೆ ಎಲ್ಲಿ, ಬಾಲ ಎಲ್ಲಿ ಅಂತ ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು. ಒಂದು ಚಗಳಿ ತನ್ನ ಮೀಸೆಗಳಿಂದ ಹುಳದ ಹಿಂಭಾಗವನ್ನು ತಟ್ಟುತ್ತಿತ್ತು. ಒಂದೇ ಸಮನೆ, ಮದ್ದಳೆಗೆ ಬೆರಳು ಆಡಿಸಿದ ಹಾಗೆ. ಸ್ವಲ್ಪದರಲ್ಲಿ ಅಲ್ಲಿ ಒಂದು ಹನಿ ಮೂಡಿತು. ಸಾಸಿವೆ ಕಾಳಿಗಿಂತ ಚಿಕ್ಕದು, ನೀರಿನಷ್ಟು ತಿಳಿ. ಚಗಳಿ ಹೀರಿಕೊಂಡಿತು. ಪಕ್ಕದ್ದು ಮುಂದೆ ಬಂತು, ಅದೂ ತಟ್ಟಲು ಶುರು ಮಾಡಿತು.

“ಅದೇನು ಅಜ್ಜಾ?” ಅಂತ ಸೊಪ್ಪಿನ ಹೊರೆ ಕಟ್ಟುತ್ತಿದ್ದ ಹಿರಿಯರನ್ನು ಕೇಳಿದೆ. ಅವರು ತಿರುಗಿ ಕೂಡ ನೋಡಲಿಲ್ಲ. “ಅವು ಹುಳ ಸಾಕ್ತವೆ. ದನ ಕಾದಂಗೆ ಕಾಯ್ತವೆ.”

ಅವರು ಒಂದು ಸಾಲಿನಲ್ಲಿ ಹೇಳಿದ್ದನ್ನು ಕೀಟ ವಿಜ್ಞಾನಿಗಳು ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಬಿಡಿಸಿ ನೋಡುತ್ತಿದ್ದಾರೆ. ಆ ಹುಳ ಓಕ್‌ಬ್ಲೂ ಎಂಬ ನೀಲಿ ಚಿಟ್ಟೆಯ ಮರಿ. ಹೆಸರಲ್ಲಿ ಓಕ್ ಇದ್ದರೂ ನಮ್ಮ ಘಟ್ಟದಲ್ಲಿ ಓಕ್ ಮರಗಳು ತಾವಾಗಿ ಬೆಳೆಯುವುದಿಲ್ಲ. ಇಲ್ಲಿನ ಓಕ್‌ಬ್ಲೂಗಳು ಹುಣಾಲು, ಮತ್ತಿ, ನಂದಿ ಮರಗಳ ಚಿಗುರು ತಿಂದು ಬೆಳೆಯುತ್ತವೆ. ಜೊತೆಗೆ ಚಗಳಿ ಇರಬೇಕು.

ಈಗ ಮಲೆನಾಡಿನಲ್ಲಿ ಚಿಟ್ಟೆಗಳ ಬಗ್ಗೆ ಆಸಕ್ತಿ ಜಾಸ್ತಿಯಾಗಿದೆ. ಕಾಲೇಜುಗಳು, ಹವ್ಯಾಸಿಗಳು ಸೇರಿ ಗಣತಿ ಮಾಡುತ್ತಾರೆ. ಫೋನಿನಲ್ಲೇ ಒಳ್ಳೆಯ ಚಿತ್ರ ಬರುತ್ತದೆ. ಇದು ನಿಜಕ್ಕೂ ಸಂತೋಷದ ವಿಷಯ. ಆದರೆ ನಾವು ಎಣಿಸುತ್ತಿರುವುದು ರೆಕ್ಕೆಗಳನ್ನು ಮಾತ್ರ. ರೆಕ್ಕೆ ಬಂದ ಚಿಟ್ಟೆ ಹಾರಾಡುವುದು ಸಾಮಾನ್ಯವಾಗಿ ಕೆಲವು ದಿನ, ಇಲ್ಲವೇ ಕೆಲವು ವಾರ. ಅದಕ್ಕೆ ಮುಂಚಿನ ಬದುಕು ಎಲೆಯ ಅಡಿಯಲ್ಲಿ, ಮೊಗ್ಗಿನ ಒಳಗೆ, ಇರುವೆಗಳ ಕಾವಲಿನಲ್ಲಿ ನಡೆಯುತ್ತದೆ. ಆ ಭಾಗವನ್ನು ನೋಡದೆ ಮಾಡಿದ ಪಟ್ಟಿಯಿಂದ ಯಾವ ಚಿಟ್ಟೆ ಇದೆ ಎಂದು ಗೊತ್ತಾಗುತ್ತದೆ. ಅದು ಯಾಕೆ ಇದೆ, ಯಾಕೆ ಹೋಯಿತು ಎಂದು ಗೊತ್ತಾಗುವುದಿಲ್ಲ. ಇತ್ತ ಬೇಲಿ ಸವರುವುದು, ಕಳೆ ಔಷಧಿ ಹೊಡೆಯುವುದು, ಇರುವೆ ಪುಡಿ ಹಾಕುವುದು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದೆ. ನನ್ನ ಆತಂಕ ಇರುವುದು ಇಲ್ಲೇ.

ಪಶ್ಚಿಮ ಘಟ್ಟದಲ್ಲಿ 330ಕ್ಕೂ ಹೆಚ್ಚು ಜಾತಿಯ ಚಿಟ್ಟೆಗಳಿವೆ. ಅದರಲ್ಲಿ ಮೂರರಲ್ಲಿ ಒಂದು ಪಾಲಿನ ಹತ್ತಿರ ನೀಲಿ ಚಿಟ್ಟೆಗಳ ಕುಟುಂಬಕ್ಕೆ ಸೇರಿದವು. ವಿಜ್ಞಾನದಲ್ಲಿ ಇದಕ್ಕೆ ಲೈಸಿನಿಡೇ ಎನ್ನುತ್ತಾರೆ. ಬಹುಪಾಲು ಉಗುರಿನಷ್ಟು ಚಿಕ್ಕವು. ಹುಲ್ಲಿನ ಮೇಲೆ, ಒದ್ದೆ ಮಣ್ಣಿನ ಮೇಲೆ ಕೂತಿರುತ್ತವೆ, ನಾವು ದಾಟಿ ಹೋಗುತ್ತೇವೆ. ಜಗತ್ತಿನಲ್ಲಿ ಈ ಕುಟುಂಬದ 5,000ಕ್ಕೂ ಹೆಚ್ಚು ಜಾತಿಗಳಿವೆ. ಯಾವುದರ ಮರಿಹುಳದ ಬದುಕು ಗೊತ್ತಾಗಿದೆಯೋ ಅವುಗಳಲ್ಲಿ ಸುಮಾರು ಮುಕ್ಕಾಲು ಪಾಲು ಇರುವೆಗಳ ಜೊತೆ ಒಂದಲ್ಲ ಒಂದು ನಂಟು ಇಟ್ಟುಕೊಂಡಿವೆ.

ಇರುವೆ ಅಂದರೆ ಹುಳಗಳಿಗೆ ಯಮ. ಬೇರೆ ಯಾವ ಮೆತ್ತನೆಯ ಹುಳವಾದರೂ ಚಗಳಿ ಮರದಲ್ಲಿ ಅರ್ಧ ಗಂಟೆ ಬದುಕುವುದು ಕಷ್ಟ. ಎಳೆದು, ಹರಿದು, ಕೊಟ್ಟೆಗೆ ಸಾಗಿಸುತ್ತವೆ. ನೀಲಿ ಚಿಟ್ಟೆಯ ಮರಿ ಅಲ್ಲೇ ಕೂತು ಚಿಗುರು ತಿನ್ನುತ್ತದೆ. ಅದರ ಮೈಯಲ್ಲಿ ಮೂರು ತರದ ಏರ್ಪಾಡುಗಳಿವೆ. ಮೈತುಂಬಾ ಇರುವ ಸಣ್ಣ ಸಣ್ಣ ಗ್ರಂಥಿಗಳು ಇರುವೆಯ ಸಿಟ್ಟು ಇಳಿಸುವ ವಾಸನೆ ಬಿಡುತ್ತವೆ. ಹೊಟ್ಟೆಯ ಏಳನೇ ಪಟ್ಟಿಯ ಬೆನ್ನಿನ ಮೇಲೆ ಸಿಹಿ ಹನಿಯ ಗ್ರಂಥಿ ಇದೆ, ನಾನು ನೋಡಿದ ಹನಿ ಅಲ್ಲಿಂದ ಬಂದದ್ದು. ಎಂಟನೇ ಪಟ್ಟಿಯಲ್ಲಿ ಎರಡು ಕುಚ್ಚುಗಳು ಅಡಗಿರುತ್ತವೆ. ಅಪಾಯ ಬಂದಾಗ ಅವು ಹೊರಗೆ ಚಿಮ್ಮುತ್ತವೆ, ನೋಡಿದ ಇರುವೆಗಳು ತಟ್ಟನೆ ಚುರುಕಾಗುತ್ತವೆ. ಸಾಲದ್ದಕ್ಕೆ ಚರ್ಮ ಬಹಳ ದಪ್ಪ, ತಲೆಯನ್ನು ಒಳಗೆ ಎಳೆದುಕೊಳ್ಳಲು ಬರುತ್ತದೆ. ಎಷ್ಟೋ ಜಾತಿಗಳು ಎಲೆಯ ಮೂಲಕ ಸಣ್ಣ ಕಂಪನವನ್ನೂ ಕಳಿಸುತ್ತವೆ. ಇರುವೆಗೆ ಅದು ಕಾಲಿನಲ್ಲಿ ಕೇಳಿಸುತ್ತದೆ.

ಕುಚ್ಚು ನೋಡುವ ಆಸೆ ಇದ್ದರೆ ಶಿವಮೊಗ್ಗ ಪೇಟೆಯಲ್ಲೇ ಒಂದು ದಾರಿ ಇದೆ. ಹೊಂಗೆ ಮರ ಚಿಗುರಿದಾಗ ಸನ್‌ಬೀಮ್ ಚಿಟ್ಟೆಯ ಮರಿ ಹುಡುಕಿ. ಬೆನ್ನ ಹಿಂದೆ ಎರಡು ಕೊಳವೆ ಎದ್ದು ನಿಂತಿರುತ್ತವೆ. ಹುಲ್ಲುಕಡ್ಡಿಯಿಂದ ಮೆಲ್ಲಗೆ ಮುಟ್ಟಿದರೆ ಆ ಕೊಳವೆಗಳಿಂದ ಕೂದಲಿನ ಕುಚ್ಚು ಹೊರಬಂದು ಗಿರಗಿರ ತಿರುಗುತ್ತದೆ. ಒಂದು ಕ್ಷಣ ಅಷ್ಟೇ, ಮತ್ತೆ ಒಳಗೆ. ವಿಚಿತ್ರ ಎಂದರೆ ಈ ಹುಳಕ್ಕೆ ಸಿಹಿ ಹನಿಯ ಗ್ರಂಥಿಯೇ ಇಲ್ಲ. ಇರುವೆಗಳು ಇದರ ಹಿಂದೆ ಬೀಳುವುದೂ ಕಡಿಮೆ.

ಹಾಗಾದರೆ ಇದು ಸ್ನೇಹವೇ? ಹನಿ ಕೊಟ್ಟು ಕಾವಲು ಪಡೆಯುವ ವ್ಯವಹಾರ ಎಂದೇ ಬಹಳ ಕಾಲ ಅಂದುಕೊಂಡಿದ್ದರು. ಕಾವಲು ಸುಳ್ಳಲ್ಲ. ಹುಳದ ಮೈಯೊಳಗೆ ಮೊಟ್ಟೆ ಇಡಲು ಬರುವ ಕಣಜಗಳನ್ನು, ನೊಣಗಳನ್ನು ಇರುವೆಗಳು ಓಡಿಸುತ್ತವೆ. ಆದರೆ 2015ರಲ್ಲಿ ಜಪಾನಿನ ವಿಜ್ಞಾನಿಗಳು ಅಲ್ಲಿನ ಓಕ್‌ಬ್ಲೂ ಹುಳದ ಹನಿ ಕುಡಿದ ಇರುವೆಗಳನ್ನು ಪರೀಕ್ಷಿಸಿದರು. ಆ ಇರುವೆಗಳ ಓಡಾಟ ಕಡಿಮೆಯಾಗಿತ್ತು. ಹುಳವನ್ನು ಬಿಟ್ಟು ಹೋಗುತ್ತಿರಲಿಲ್ಲ. ಹುಳ ಕುಚ್ಚು ಚಾಚಿದರೆ ಸಿಟ್ಟಿಗೇಳುತ್ತಿದ್ದವು. ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕದ ಮಟ್ಟ ಇಳಿದಿತ್ತು. ಅಂದರೆ ಆ ಹನಿ ಬರೀ ಕೂಲಿಯಲ್ಲ, ಒಂದು ಬಗೆಯ ಮದ್ದೂ ಹೌದು. ನಮ್ಮ ಬೆಟ್ಟದ ಕೊಂಬೆಯಲ್ಲಿ ಚಗಳಿಗಳು ಅಲುಗಾಡದೆ ನಿಂತದ್ದು ನನಗೆ ಆಗ ನೆನಪಾಯಿತು. ನಮ್ಮ ಓಕ್‌ಬ್ಲೂ ಕೂಡ ಹಾಗೇ ಮಾಡುತ್ತದೆಯೇ ಎನ್ನುವುದನ್ನು ಇಲ್ಲಿಯೇ, ನಮ್ಮ ಚಗಳಿಯ ಮೇಲೆಯೇ ಪರೀಕ್ಷಿಸಿ ನೋಡಬೇಕು.

ಚಗಳಿಯ ಸುತ್ತ ಬದುಕುವ ಜೀವಗಳನ್ನು ನೋಡುತ್ತಾ ಹೋದರೆ ದಿನಗಳು ಸಾಲುವುದಿಲ್ಲ. ರೆಡ್‌ಸ್ಪಾಟ್ ಎಂಬ ಚಿಟ್ಟೆ ಚಗಳಿ ಇರುವ ಗಿಡವನ್ನೇ ಹುಡುಕಿ ಮೊಟ್ಟೆ ಇಡುತ್ತದೆ. ಅದರ ಮರಿಗೆ ಇಂಥದ್ದೇ ಗಿಡ ಎಂಬ ಹಟವಿಲ್ಲ, ಇರುವೆಯ ವಿಷಯದಲ್ಲಿ ಮಾತ್ರ ರಾಜಿಯಿಲ್ಲ. ಸಿಲಿಯೇಟ್ ಬ್ಲೂ ಎಂಬ ಇನ್ನೊಂದರ ಎಳೆ ಮರಿಗಳನ್ನು ಚಗಳಿಗಳೇ ಬಾಯಲ್ಲಿ ಎತ್ತಿ ಹೊಸ ಚಿಗುರಿಗೆ ಸಾಗಿಸುವುದನ್ನು ಮಲೇಷ್ಯಾದಲ್ಲಿ ದಾಖಲು ಮಾಡಿದ್ದಾರೆ. ಇದೇ ಚಿಟ್ಟೆ ನಮ್ಮ ಘಟ್ಟದಲ್ಲೂ ಇದೆ. ಮಾತ್ ಬಟರ್‌ಫ್ಲೈ ಎಂಬುದರ ಕಥೆ ಬೇರೆ. ಭಾರತದಿಂದ ಆಸ್ಟ್ರೇಲಿಯಾದವರೆಗೆ ಹರಡಿರುವ ಈ ಚಿಟ್ಟೆಯ ಮರಿ ಆಮೆಯ ಚಿಪ್ಪಿನಂಥ ಹೊದಿಕೆ ಹೊತ್ತು ಕೊಟ್ಟೆಯ ಒಳಗೇ ನುಗ್ಗುತ್ತದೆ. ಅಲ್ಲಿ ಚಗಳಿಯ ಮರಿಗಳನ್ನು ತಿಂದು ಬೆಳೆಯುತ್ತದೆ. ಚಗಳಿ ಎಷ್ಟು ಕಚ್ಚಿದರೂ ಚಿಪ್ಪಿಗೆ ಹಲ್ಲು ಹತ್ತುವುದಿಲ್ಲ. ಕೋಶದಿಂದ ಚಿಟ್ಟೆಯಾಗಿ ಹೊರಬರುವಾಗ ಆ ಚಿಪ್ಪು ಇರುವುದಿಲ್ಲ, ಮೈ ಮೆತ್ತಗಿರುತ್ತದೆ. ಆಗ ಅದರ ಮೈಮೇಲೆ ಸಡಿಲವಾದ ಬಿಳಿ ಹುರುಪೆಗಳು ತುಂಬಿರುತ್ತವೆ. ಕಚ್ಚಲು ಬಂದ ಚಗಳಿಯ ಬಾಯಿ, ಮೀಸೆಗೆಲ್ಲ ಅವೇ ಮೆತ್ತಿಕೊಳ್ಳುತ್ತವೆ. ಅದು ಒರೆಸಿಕೊಳ್ಳುವಷ್ಟರಲ್ಲಿ ಚಿಟ್ಟೆ ಹೊರಗೆ ನಡೆದಿರುತ್ತದೆ.

ಚಗಳಿಯ ವೇಷ ಹಾಕಿ ಅದರ ನಡುವೆಯೇ ಓಡಾಡುವ ಜೇಡವೂ ಇದೆ. ತೋಟದ ಬೇಲಿಯಲ್ಲಿ ನೋಡಲು ಸಿಗುತ್ತದೆ. ಕಾಲು ಎಣಿಸಿದರೆ ಮಾತ್ರ ಗುಟ್ಟು ರಟ್ಟು.

ಚಗಳಿ ಒಂದೇ ಅಲ್ಲ. ಕಾಡಿನ ಮರಗಳಲ್ಲಿ ಕಪ್ಪು ಮಣ್ಣಿನ ಉಂಡೆಯ ಹಾಗೆ ಕಾಣುವ ಇರುವೆ ಗೂಡುಗಳಿರುತ್ತವೆ. ಅವು ಮಣ್ಣಲ್ಲ, ಇರುವೆಗಳು ಗಿಡದ ನಾರನ್ನು ಜಗಿದು ಕಟ್ಟಿದ್ದು. ಹೊಟ್ಟೆಯನ್ನು ಬೆನ್ನ ಮೇಲಕ್ಕೆ ಎತ್ತಿ ನಡೆಯುವ ಚಿಕ್ಕ ಇರುವೆಗಳವು. ಸಿಲ್ವರ್‌ಲೈನ್ ಎಂಬ ಬೆಳ್ಳಿ ಗೆರೆಯ ಚಿಟ್ಟೆಗಳ ಮರಿಗಳಿಗೆ ಇವೇ ಕಾವಲು. ಕಂದು ಬಣ್ಣದ ಮರಕುಟಿಗವೊಂದು ಇದೇ ಗೂಡನ್ನು ಕೊರೆದು, ಇರುವೆಗಳು ಇರುವಾಗಲೇ ಒಳಗೆ ಮೊಟ್ಟೆ ಇಡುತ್ತದೆ. ನೆಲದೊಳಗಿನ ಗೂಡುಗಳಲ್ಲಿ ರೆಕ್ಕೆಯೇ ಇಲ್ಲದ ಪುಟ್ಟ ಚಿಮ್ಮಂಡೆಗಳಿವೆ, ಅಕ್ಕಿ ಕಾಳಿಗಿಂತ ಚಿಕ್ಕವು. ಮೈಕ್ರೊಡಾನ್ ಎಂಬ ನೊಣದ ಮರಿ ಇರುವೆ ಗೂಡಿನಲ್ಲಿ ಎಷ್ಟು ವಿಚಿತ್ರವಾಗಿ ಕಾಣುತ್ತದೆ ಎಂದರೆ, 19ನೇ ಶತಮಾನದಲ್ಲಿ ಅದನ್ನು ಬಸವನಹುಳುವಿನ ಬಳಗ ಅಂದುಕೊಂಡು ಹೆಸರನ್ನೂ ಇಟ್ಟಿದ್ದರು.

ಘಟ್ಟದ ಹಸಿರು ಕಾಡಿನಲ್ಲಿ ಹಾಸಿಗೆ ಮರ ಎಂಬ ಚಿಕ್ಕ ಮರವಿದೆ. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಅದರ ಕೆಲವು ಕೊಂಬೆಗಳ ಗೆಣ್ಣುಗಳ ನಡುವೆ ಪೊಳ್ಳು. ಒಳಗೆ ಇರುವೆಗಳು ವಾಸ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೆನೀ ಬೋರ್ಜಸ್ ಮತ್ತು ಅವರ ಜೊತೆಗಾರರು ಈ ಪೊಳ್ಳುಗಳಲ್ಲಿ ಇರುವೆ ಮಾತ್ರವಲ್ಲ, ಪುಟ್ಟ ಜೇನ್ನೊಣಗಳ ಬಂಧುಗಳನ್ನು, ಕಡೆಗೆ ಎರೆಹುಳವನ್ನೂ ಕಂಡರು. ಮರದ ಮೇಲೆ ಎರೆಹುಳ! ಈ ಬಾಡಿಗೆದಾರರು ಬಿಟ್ಟ ಕಸದಿಂದ ಮರಕ್ಕೆ ಗೊಬ್ಬರ ಸಿಗುತ್ತದೆ ಎಂದು 2014ರಲ್ಲಿ ತೋರಿಸಿದರು. ಇಂಥ ಕೆಲಸ ನಮ್ಮ ಕಾಡಿನಲ್ಲೇ ಆಗಿದೆ ಎನ್ನುವುದು ನನಗೆ ದೊಡ್ಡ ಧೈರ್ಯ.

ಇಷ್ಟು ಹೇಳಿದ ಮೇಲೆ ತೋಟದವರ ಮಾತನ್ನೂ ಹೇಳಬೇಕು. ಇರುವೆಯಿಂದ ತೊಂದರೆ ಇಲ್ಲ ಎಂದರೆ ಅದು ಸುಳ್ಳು. ಕಾಫಿ ಗಿಡದಲ್ಲಿ ಹಿಟ್ಟು ತಿಗಣೆ, ಹಸಿರು ಶಲ್ಕ ಕೀಟ ಬಂದಾಗ ಇರುವೆಗಳು ಅವುಗಳ ಸಿಹಿ ಹನಿಗಾಗಿ ಕಾವಲು ನಿಲ್ಲುತ್ತವೆ. ತಿಗಣೆ ತಿನ್ನಲು ಬಂದ ಗುಲಗಂಜಿ ಹುಳಗಳನ್ನು ಓಡಿಸುತ್ತವೆ. ಅವರೆ, ತೊಗರಿ, ಅಲಸಂದೆಯ ಮೊಗ್ಗು ಕೊರೆಯುವ ಪೀ ಬ್ಲೂ ಹುಳಕ್ಕೂ ಇರುವೆಗಳ ಆಸರೆ ಇದೆ. ದಾಳಿಂಬೆ ಹಣ್ಣು ಕೊರೆಯುವ ಹುಳ ಕೂಡ ನೀಲಿ ಚಿಟ್ಟೆಯ ಬಳಗದ್ದೇ. ಕೊಯ್ಲಿನ ದಿನ ಚಗಳಿ ಇರುವ ಮರ ಹತ್ತುವವರ ಕಷ್ಟ ಹತ್ತಿದವರಿಗೇ ಗೊತ್ತು. ಹಳದಿ ಹುಚ್ಚಿರುವೆಯಂಥ ದಾಳಿಕೋರ ಜಾತಿ ಬಂದರೆ ಉಳಿದ ಇರುವೆಗಳಿಗೇ ಜಾಗ ಇಲ್ಲದ ಹಾಗಾಗುತ್ತದೆ. 2022ರಲ್ಲಿ ತಮಿಳುನಾಡಿನ ದಿಂಡಿಗಲ್ ಹತ್ತಿರದ ಕರಂದಮಲೈ ತಪ್ಪಲಿನ ಹಳ್ಳಿಗಳವರು ಅದರಿಂದ ಬಹಳ ಕಷ್ಟಪಟ್ಟರು. ಆದ್ದರಿಂದ ಎಲ್ಲ ಇರುವೆಯನ್ನೂ ಒಂದೇ ತಟ್ಟೆಗೆ ಹಾಕಿ ಪೂಜೆ ಮಾಡಬೇಕು ಎಂದು ನಾನು ಹೇಳುತ್ತಿಲ್ಲ.

ಅದೇ ತಿಗಣೆಯ ಗುಂಪಿನಲ್ಲಿ ಇನ್ನೊಂದು ಆಟವೂ ನಡೆಯುತ್ತದೆ. ಏಪ್‌ಫ್ಲೈ ಎಂಬ ಬೂದು ಬಣ್ಣದ ಸಾದಾ ಚಿಟ್ಟೆಯ ಮರಿ ಎಲೆ ತಿನ್ನುವುದಿಲ್ಲ. ಹಿಟ್ಟು ತಿಗಣೆಯನ್ನೇ ತಿನ್ನುತ್ತದೆ. ತಿಗಣೆಯ ಬಿಳಿ ಮೇಣವನ್ನು ಮೈಮೇಲೆ ಹೊದ್ದು ಅವುಗಳ ನಡುವೆಯೇ ಕೂತಿರುತ್ತದೆ. ಕಾವಲಿನ ಇರುವೆಗಳು ಸುಮ್ಮನಿರುತ್ತವೆ. ಅದರ ಕೋಶ ನೋಡಿದರೆ ಥೇಟ್ ಮಂಗನ ಮುಖ, ಅದಕ್ಕೇ ಆ ಹೆಸರು. ಹಿಟ್ಟು ತಿಗಣೆಯ ಹತೋಟಿಗೆ ಇದನ್ನು ಬಳಸಬಹುದೇ ಎಂದು ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ನಡೆದಿದೆ. ತಿಗಣೆಗೆ, ಇರುವೆಗೆ ಎಂದು ಒಟ್ಟಿಗೆ ಔಷಧಿ ಹೊಡೆದರೆ ಮೊದಲು ಸಾಯುವವರಲ್ಲಿ ಈ ಮಂಗಮುಖದ ಗೆಳೆಯನೂ ಇರುತ್ತಾನೆ.

ಚಗಳಿಯನ್ನು ತೋಟದ ಕಾವಲಿಗೆ ಇಟ್ಟುಕೊಳ್ಳುವುದು ಹೊಸ ಯೋಚನೆಯೂ ಅಲ್ಲ. ದಕ್ಷಿಣ ಚೀನಾದಲ್ಲಿ ಕಿತ್ತಳೆ ತೋಟಕ್ಕೆ ಚಗಳಿ ಗೂಡುಗಳನ್ನು ಮಾರುಕಟ್ಟೆಯಿಂದ ಕೊಂಡು ತಂದು ಕಟ್ಟುತ್ತಿದ್ದರು ಎಂದು ಕ್ರಿ.ಶ. 304ರ ಬರಹದಲ್ಲೇ ಇದೆ. ಆಸ್ಟ್ರೇಲಿಯಾದ ಗೇರು ತೋಟಗಳಲ್ಲಿ ಚಿಗುರು ಹೀರುವ ಟೀ ಸೊಳ್ಳೆ ಎಂಬ ತಿಗಣೆಯನ್ನು ಚಗಳಿಯಿಂದಲೇ ಹತೋಟಿಯಲ್ಲಿಟ್ಟಿದ್ದಾರೆ. ನಮ್ಮಲ್ಲೂ ಗೇರು ಇದೆ, ಆ ಸೊಳ್ಳೆಯೂ ಇದೆ, ಚಗಳಿಯೂ ಇದೆ. ಮಲೆನಾಡಿನವರಿಗೆ ಚಗಳಿ ಚಟ್ನಿಯ ರುಚಿ ಗೊತ್ತು. ಒಡಿಶಾದ ಸಿಮ್ಲಿಪಾಲ್ ಕಡೆಯ ಕೆಂಪಿರುವೆ ಚಟ್ನಿಗೆ 2024ರಲ್ಲಿ ಜಿಐ ಗುರುತು ಸಿಕ್ಕಾಗ ನಮ್ಮ ಕಡೆ ಎಷ್ಟೋ ಜನ ಖುಷಿಪಟ್ಟರು. ತಿನ್ನುವವರಿಗೂ ಕೊಟ್ಟೆ ಉಳಿಯಬೇಕು, ಚಿಟ್ಟೆ ನೋಡುವವರಿಗೂ ಉಳಿಯಬೇಕು.

ಕಾನೂನಿನಲ್ಲಿ ಈ ನಂಟು ಕಾಣುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಹಳೆಯ ಪಟ್ಟಿಗಳಲ್ಲಿ ಹಲವು ನೀಲಿ ಚಿಟ್ಟೆಗಳ ಹೆಸರಿದ್ದವು. ಎಲಚಿ ಗಿಡದಲ್ಲಿ ಬೆಳೆಯುವ ಕಾಮನ್ ಪಿಯರೊ ಒಂದನೇ ಪಟ್ಟಿಯಲ್ಲಿತ್ತು, ಹುಲಿಯ ಜೊತೆ. ತೊಗರಿ ಕೊರೆಯುವ ಪೀ ಬ್ಲೂ ಎರಡನೇ ಪಟ್ಟಿಯಲ್ಲಿತ್ತು. 2022ರ ತಿದ್ದುಪಡಿಯಲ್ಲಿ ಪಟ್ಟಿಗಳನ್ನು ಮರುಜೋಡಿಸಿದರು, ಅದು 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಆದರೆ ಇರುವೆಗೆ ಈ ಪಟ್ಟಿಗಳಲ್ಲಿ ಜಾಗವಿಲ್ಲ. ಪಟ್ಟಿಯಲ್ಲಿರುವ ಚಿಟ್ಟೆಯನ್ನು ಹಿಡಿಯುವುದು ಅಪರಾಧ, ಅದು ಬದುಕಲು ಬೇಕಾದ ಇರುವೆ ಗೂಡಿಗೆ ಪುಡಿ ಸುರಿಯುವುದು ಯಾರ ಲೆಕ್ಕಕ್ಕೂ ಬರುವುದಿಲ್ಲ. ಇರುವೆಯನ್ನೂ ಪಟ್ಟಿಗೆ ಸೇರಿಸಿ ಎನ್ನುವುದು ಪರಿಹಾರವಲ್ಲ, ಅದರಿಂದ ರೈತರಿಗೆ ಕಿರಿಕಿರಿ ಬಿಟ್ಟರೆ ಬೇರೇನೂ ಆಗದು. ಒಂದೊಂದೇ ಜಾತಿ ಹೆಸರಿಸಿ ಕಾಯುವ ದಾರಿ, ಎರಡು ಜೀವ ಸೇರಿ ಒಂದಾಗಿ ಬದುಕುವ ಕಡೆ ಸಾಲುವುದಿಲ್ಲ. ನನಗೆ ಕಾಣುವ ಕೊರತೆ ಅದು.

ಇದಕ್ಕೆ ಇಂಗ್ಲೆಂಡಿನ ಲಾರ್ಜ್ ಬ್ಲೂ ಚಿಟ್ಟೆಯ ಕಥೆಗಿಂತ ದೊಡ್ಡ ಪಾಠವಿಲ್ಲ. ಆ ಚಿಟ್ಟೆ ಕಾಡುಥೈಮ್ ಎಂಬ ಗಿಡದ ಹೂವಿನಲ್ಲಿ ಮೊಟ್ಟೆ ಇಡುತ್ತದೆ. ಮರಿ ಸ್ವಲ್ಪ ಬೆಳೆದ ಮೇಲೆ ನೆಲಕ್ಕೆ ಬೀಳುತ್ತದೆ. ಒಂದು ಜಾತಿಯ ಕೆಂಪಿರುವೆ ಅದನ್ನು ತನ್ನದೇ ಮರಿ ಅಂದುಕೊಂಡು ಗೂಡಿಗೆ ಹೊತ್ತೊಯ್ಯುತ್ತದೆ. ಹತ್ತು ತಿಂಗಳ ಹತ್ತಿರ ಹುಳ ಅಲ್ಲೇ ಇದ್ದು ಇರುವೆಯ ಮರಿಗಳನ್ನು ತಿಂದು ಬೆಳೆಯುತ್ತದೆ. ಇದರ ಬಂಧುವಾದ ಇನ್ನೊಂದು ಹುಳ ರಾಣಿ ಇರುವೆಯ ಸದ್ದನ್ನೇ ಅನುಕರಿಸಿ ರಾಜಮರ್ಯಾದೆ ಪಡೆಯುತ್ತದೆ ಎಂದು 2009ರಲ್ಲಿ ಗೊತ್ತಾಯಿತು.

ಲಾರ್ಜ್ ಬ್ಲೂ ಕಡಿಮೆಯಾಗುತ್ತಾ ಬಂದಾಗ ಚಿಟ್ಟೆ ಹಿಡಿಯುವವರಿಂದಲೇ ಹೀಗಾಗಿದೆ ಎಂದುಕೊಂಡರು. ಜಾಗಗಳನ್ನು ಕಾಯ್ದಿಟ್ಟರು, ಬೇಲಿಯನ್ನೂ ಹಾಕಿದರು. ಬೇಲಿಯೊಳಗೇ ಚಿಟ್ಟೆ ಇಲ್ಲವಾಯಿತು. 1970ರ ದಶಕದಲ್ಲಿ ಜೆರೆಮಿ ಥಾಮಸ್ ಎಂಬ ವಿಜ್ಞಾನಿ ಹುಲ್ಲಿನ ಮೇಲೆ ಮಲಗಿ, ಇರುವೆಗಳನ್ನು ಹಿಂಬಾಲಿಸಿ ಕಾರಣ ಹುಡುಕಿದರು. ಕೆಂಪಿರುವೆಗಳಲ್ಲಿ ಹಲವು ಜಾತಿ ಇದ್ದರೂ ಚಿಟ್ಟೆಗೆ ಸರಿಹೊಂದುವುದು ಒಂದೇ ಜಾತಿ. ಆ ಇರುವೆಗೆ ಬಿಸಿ ನೆಲ ಬೇಕು, ಹುಲ್ಲು ಗಿಡ್ಡವಿರಬೇಕು. ದನ ಮೇಯುವುದು ನಿಂತಿತ್ತು. 1950ರ ದಶಕದಲ್ಲಿ ರೋಗ ಬಂದು ಮೊಲಗಳು ಸತ್ತಿದ್ದವು. ಹುಲ್ಲು ಮೊದಲಿಗಿಂತ ಕೆಲವೇ ಸೆಂಟಿಮೀಟರ್ ಹೆಚ್ಚು ಎತ್ತರವಾಯಿತು, ನೆಲ ತಂಪಾಯಿತು, ಇರುವೆ ಹೋಯಿತು, ಹಿಂದೆಯೇ ಚಿಟ್ಟೆ ಹೋಯಿತು. ಇದೆಲ್ಲ ಗೊತ್ತಾಗುವ ಹೊತ್ತಿಗೆ ತಡವಾಗಿತ್ತು. 1979ರಲ್ಲಿ ಲಾರ್ಜ್ ಬ್ಲೂ ಬ್ರಿಟನ್ನಿನಿಂದ ಕಣ್ಮರೆಯಾಯಿತು. ಆಮೇಲೆ ಮತ್ತೆ ದನ ಬಿಟ್ಟು ಮೇಯಿಸಿ, ಹುಲ್ಲು ಗಿಡ್ಡ ಮಾಡಿ, 1980ರ ದಶಕದಲ್ಲಿ ಸ್ವೀಡನ್ನಿನಿಂದ ಅದೇ ಜಾತಿಯ ಚಿಟ್ಟೆಯನ್ನು ತಂದು ಬಿಟ್ಟರು. ಇವತ್ತು ಅಲ್ಲಿ ಅದು ಮತ್ತೆ ಹಾರುತ್ತಿದೆ.

ಹುಲ್ಲಿನ ಎತ್ತರದಲ್ಲಿ ಎರಡು ಬೆರಳು ವ್ಯತ್ಯಾಸ, ಅಷ್ಟೇ. ಅದು ಒಂದು ದೇಶದ ಚಿಟ್ಟೆಯನ್ನು ಕಳೆಯಿತು. ನಮ್ಮ ಬೆಟ್ಟ, ಕಾನು (ದಟ್ಟ ಕಾಡು), ಬೇಣದಲ್ಲಿ (ಹುಲ್ಲುಗಾವಲು) ಎಷ್ಟು ಬದಲಾಗಿದೆ ಯೋಚಿಸಿ. ಮಿಶ್ರ ಮರಗಳಿದ್ದ ಕಡೆ ಅಕೇಶಿಯಾ ಒಂದೇ ನಿಂತಿದೆ. ಓಕ್‌ಬ್ಲೂಗೆ ಬೇಕಾದ ಮತ್ತಿ, ಹುಣಾಲು ಚಿಗುರು ಅಲ್ಲಿಲ್ಲ. ದಾರಿ ಬದಿಯ ಬೇಲಿ ಸಾಲಿನ ಜಾಗದಲ್ಲಿ ತಂತಿ ಬೇಲಿ ಬಂದಿದೆ. ಕತ್ತಿಯಲ್ಲಿ ಸವರಿದರೆ ಗಿಡ ಮತ್ತೆ ಚಿಗುರುತ್ತದೆ, ನೀಲಿ ಚಿಟ್ಟೆಗಳಿಗೆ ಎಳೆ ಚಿಗುರೇ ಬೇಕು. ಆ ಲೆಕ್ಕದಲ್ಲಿ ಹಿಂದಿನವರ ಸೊಪ್ಪು ಕಡಿಯುವ ಕ್ರಮದಿಂದ ಅವಕ್ಕೆ ಅನುಕೂಲವೂ ಆಗಿರಬಹುದು. ಕಳೆ ಔಷಧಿ ಹೊಡೆದರೆ ಚಿಗುರಲು ಏನೂ ಉಳಿಯುವುದಿಲ್ಲ. ಗ್ಲೈಫೋಸೇಟ್ ಎಂಬ ಕಳೆ ಔಷಧಿಯ ಬಳಕೆಗೆ ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲೇ ನಿರ್ಬಂಧ ಹಾಕಿದೆ. ತೋಟದ ದಂಡೆಗಳಲ್ಲಿ ಸುಟ್ಟ ಹಾಗೆ ಕಂದಾದ ಪಟ್ಟಿಗಳು ಮಾತ್ರ ಇವತ್ತಿಗೂ ಕಾಣುತ್ತವೆ. ಆಳು ಸಿಗುವುದಿಲ್ಲ, ಕೂಲಿ ಹೆಚ್ಚು, ಇವೆಲ್ಲ ನಿಜ. ಅದಕ್ಕೇ ಪೂರ್ತಿ ಬಿಡಿ ಎಂದು ಹೇಳುವುದಕ್ಕಿಂತ, ಬೇಲಿಯ ಅಂಚಿನ ನಾಲ್ಕು ಅಡಿಯನ್ನಾದರೂ ಮಷಿನ್ನಿನಲ್ಲಿ ಸವರಿ ಬಿಡಿ ಎಂದು ನಾನು ನೆರೆಯವರಿಗೆ ಹೇಳುತ್ತೇನೆ. ಕೆಲವರು ಕೇಳಿದ್ದಾರೆ.

ಇನ್ನು ಅಧ್ಯಯನದ ಮಾತು. ಮಲೆನಾಡಿನ ಪಕ್ಕದಲ್ಲೇ ಇದಕ್ಕೆ ಒಂದು ಹಳೆಯ ಪರಂಪರೆ ಇದೆ. ಉತ್ತರ ಕನ್ನಡ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಕಾಲದಲ್ಲಿ ಡೇವಿಡ್‌ಸನ್, ಬೆಲ್, ಏಟ್ಕನ್ ಎಂಬ ಮೂವರು ಅಧಿಕಾರಿಗಳು ಅಲ್ಲಿನ ಚಿಟ್ಟೆಗಳ ಮರಿಗಳನ್ನು ಸಾಕಿ, ಅವು ಯಾವ ಗಿಡ ತಿನ್ನುತ್ತವೆ ಎಂದು 1890ರ ದಶಕದಲ್ಲೇ ಪ್ರಕಟಿಸಿದರು. ಅವರಲ್ಲಿ ಅರಣ್ಯ ಅಧಿಕಾರಿಯಾಗಿದ್ದ ಟಿ. ಆರ್. ಬೆಲ್ ನಿವೃತ್ತರಾದ ಮೇಲೂ ಕಾರವಾರದಲ್ಲೇ ಉಳಿದರು, 1948ರಲ್ಲಿ ತೀರಿಕೊಂಡರು. ಯಾವ ಹುಳದ ಜೊತೆ ಯಾವ ಇರುವೆ ಇತ್ತು ಎಂದು ಅವರು ಬರೆದಿಟ್ಟ ಟಿಪ್ಪಣಿಗಳನ್ನು ಇಂದಿಗೂ ಸಂಶೋಧಕರು ಬಳಸುತ್ತಾರೆ. ಕರ್ನಾಟಕದ ಇರುವೆಗಳ ಪಟ್ಟಿಯನ್ನು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಮುಸ್ತಾಕ್ ಅಲಿ 1990ರ ದಶಕದ ಮೊದಲಲ್ಲಿ ಮಾಡಿದ್ದಾರೆ. ಚಿಟ್ಟೆಗಳ ಜೀವನಚಕ್ರದ ಚಿತ್ರಗಳನ್ನು ಚಿಟ್ಟೆ ವಿಜ್ಞಾನಿ ಕೃಷ್ಣಮೇಘ ಕುಂಟೆ ಅವರ ಬಳಗ ಹವ್ಯಾಸಿಗಳ ನೆರವಿನಿಂದ ಒಟ್ಟುಮಾಡುತ್ತಿದೆ. ಚಿಟ್ಟೆ ಗೊತ್ತಿರುವವರು ಒಂದು ಕಡೆ, ಇರುವೆ ಗೊತ್ತಿರುವವರು ಇನ್ನೊಂದು ಕಡೆ. ಒಂದೇ ಮರದ ಕೆಳಗೆ ಇಬ್ಬರೂ ಒಟ್ಟಿಗೆ ನಿಲ್ಲುವುದು ಅಪರೂಪ.

ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯವಿದೆ. ಇರುವಕ್ಕಿಯಲ್ಲಿ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯವಿದೆ. ಆಗುಂಬೆಯಲ್ಲಿ ಮಳೆಕಾಡು ಸಂಶೋಧನಾ ಕೇಂದ್ರವಿದೆ. ಇವುಗಳ ಸುತ್ತಲೇ ಒಂದೇ ವರ್ಷ, ಒಂದೇ ಬೆಟ್ಟದಲ್ಲಿ, ಪ್ರತಿ ಹದಿನೈದು ದಿನಕ್ಕೊಮ್ಮೆ ಚಿಗುರು ನೋಡುವ ಕೆಲಸ ಶುರುವಾದರೆ ಎಷ್ಟು ತಿಳಿದೀತು! ಯಾವ ಮರ, ಯಾವ ಇರುವೆ, ಯಾವ ಹುಳ, ಮಳೆ ಹಿಡಿದಾಗ ಎಲ್ಲಿ ಹೋದವು. ಔಷಧಿ ಹೊಡೆದ ದಂಡೆಯಲ್ಲಿ ಎಷ್ಟು, ಹೊಡೆಯದ ದಂಡೆಯಲ್ಲಿ ಎಷ್ಟು. ಇದಕ್ಕೆ ದೊಡ್ಡ ಯಂತ್ರ ಬೇಡ. ಒಂದು ಭೂತಗನ್ನಡಿ, ಒಂದು ಪಟ್ಟಿ ಪುಸ್ತಕ, ಬಗ್ಗಿ ನೋಡುವ ತಾಳ್ಮೆ ಸಾಕು.

ಮನೆಯಲ್ಲೇ ನೋಡಬೇಕು ಅನ್ನುವವರಿಗೂ ಒಂದು ಮಾತು. ಹೂವಿಲ್ಲದ ಚಿಗುರಿಗೆ ಇರುವೆ ಸಾಲು ಹತ್ತುತ್ತಿದ್ದರೆ ಅಲ್ಲಿ ಏನೋ ಇದೆ ಎಂದೇ ಅರ್ಥ. ತಿಗಣೆ ಇರಬಹುದು, ಗಿಡಹೇನು ಇರಬಹುದು, ನೀಲಿ ಚಿಟ್ಟೆಯ ಮರಿಯೂ ಇರಬಹುದು. ಅಂಗಳದ ಸೈಕಸ್ ಗಿಡದ ಹೊಸ ಗರಿಗಳು ರಾತ್ರೋರಾತ್ರಿ ಬೋಳಾದರೆ ಅದು ಪ್ಲೇನ್ಸ್ ಕ್ಯುಪಿಡ್ ಮರಿಗಳ ಕೆಲಸ, ಸುತ್ತ ಇರುವೆ ಇದ್ದೇ ಇರುತ್ತವೆ. ನಿಂಬೆ ಚಿಗುರಿನಲ್ಲಿ ಲೈಮ್ ಬ್ಲೂ ಸಿಗುತ್ತದೆ, ಜೊತೆಗೆ ಕಪ್ಪು ಗೊದ್ದ. ಫೋಟೋ ತೆಗೆಯುವಾಗ ಇರುವೆಯನ್ನು ಊದಿ ಓಡಿಸಬೇಡಿ. ಅದು ಚಿತ್ರದಲ್ಲಿ ಇರಲೇಬೇಕು, ಪಕ್ಕದಿಂದ ಒಂದು ಚಿತ್ರ, ಮೇಲಿನಿಂದ ಒಂದು ಚಿತ್ರ. ಹುಳವನ್ನು ಡಬ್ಬಿಗೆ ಹಾಕಿ ಸಾಕಲು ಹೋಗಬೇಡಿ. ಕಾನೂನಿನ ತೊಡಕು ಒಂದು ಕಡೆ ಇರಲಿ, ಕೆಲವು ಜಾತಿಯ ಹುಳಗಳ ಹನಿಯನ್ನು ಹೀರಲು ಇರುವೆ ಇಲ್ಲದಿದ್ದರೆ ಅದರ ಮೇಲೆ ಬೂಷ್ಟು ಬಂದು ಹುಳ ಸಾಯುತ್ತದೆ. ನಾವು ಕಾಪಾಡಿದೆವು ಅಂದುಕೊಂಡಿರುತ್ತೇವೆ, ಅದಕ್ಕೆ ಬೇಕಾದವರನ್ನು ಹೊರಗೆ ಬಿಟ್ಟು ಬಂದಿರುತ್ತೇವೆ.

ನಮ್ಮ ಹುಣಾಲು ಮರಕ್ಕೆ ಈ ವರ್ಷವೂ ಹೋಗಿದ್ದೆ. ಹಳೆಯ ಕೊಟ್ಟೆ ಒಣಗಿ ಕಂದಾಗಿತ್ತು. ಅದರ ಮೇಲಿನ ಕೊಂಬೆಯಲ್ಲಿ ಹೊಸದು ಕಟ್ಟುತ್ತಿದ್ದವು. ಸಾಲಾಗಿ ನಿಂತು ಎರಡು ಎಲೆಯ ಅಂಚನ್ನು ಹಿಡಿದೆಳೆಯುತ್ತಿದ್ದವು. ಇನ್ನು ಕೆಲವು ತಮ್ಮ ಮರಿಗಳನ್ನು ಬಾಯಲ್ಲಿ ಹಿಡಿದು, ಅವುಗಳ ಬಾಯಿಂದ ಬರುವ ಎಳೆಯಿಂದ ಎಲೆ ಹೊಲಿಯುತ್ತಿದ್ದವು. ಕೆಳಗಿನ ಚಿಗುರಿನಲ್ಲಿ ಐದು ಹುಳ ಎಣಿಸಿದೆ. ಆರನೆಯದಕ್ಕೆ ಕೊಂಬೆ ಬಾಗಿಸಲು ಹೋದಾಗ ಕೈಗೆ ಚಗಳಿ ಹತ್ತಿದವು. ಅಜ್ಜ ಈ ಸಲವೂ ಆ ಮರ ಬಿಟ್ಟು ಮುಂದಿನ ಮತ್ತಿ ಮರಕ್ಕೆ ಏಣಿ ಹಾಕಿದರು.